ಕರ್ನಲ್ ಅನ್ನೋ ಪದದ ಬೆನ್ನು ಹತ್ತಿ: ಸಿ.ಎನ್.ಆರ್.ಟಿ.ಎಲ್ ಫ್ರೀ ಫ್ರೆಂಚ್ ನಿಘಂಟಿನ ರಿವ್ಯೂ

ಫ್ರೆಂಚ್ ಕಲೀತಿರೋರಿಗೆ, ಇಲ್ಲಾಂದ್ರೆ ಪದಗಳು ಎಲ್ಲಿಂದ ಬಂದ್ವು ಅಂತ ಹುಡುಕೋ ಹುಚ್ಚಿರೋರಿಗೆ, ಒಂದು ವೆಬ್‌ಸೈಟ್ ಬಗ್ಗೆ ಹೇಳ್ಬೇಕು ಅಂತ ಬಹಳ ದಿನದಿಂದ ಅನ್ಕೋತಾ ಇದ್ದೆ. ಹೆಸರು ಸಿ.ಎನ್.ಆರ್.ಟಿ.ಎಲ್. ಫ್ರಾನ್ಸ್‌ನ ನಾನ್ಸಿ ಅನ್ನೋ ಊರಲ್ಲಿ ಅತಿಲ್ಫ್ ಅಂತ ಒಂದು ಭಾಷಾ ಸಂಶೋಧನಾ ಲ್ಯಾಬ್ ಇದೆ, ಅಲ್ಲಿಯೋರು ನಡೆಸೋ ಪೋರ್ಟಲ್ ಇದು, ಶುರುವಾಗಿದ್ದು 2005ರಲ್ಲಿ. ದುಡ್ಡು ಕೊಡಬೇಕಾಗಿಲ್ಲ, ಲಾಗಿನ್ ಆಗಬೇಕಾಗಿಲ್ಲ, ಪದ ಟೈಪ್ ಮಾಡಿ ಎಂಟರ್ ಒತ್ತಿದ್ರೆ ಆಯ್ತು. ಇದರೊಳಗೆ ಇರೋ ದೊಡ್ಡ ಆಸ್ತಿ ಅಂದ್ರೆ ಟ್ರೆಜೋರ್ ಅಂತ ಎಲ್ರೂ ಕರೆಯೋ 16 ಸಂಪುಟದ ಫ್ರೆಂಚ್ ಮಹಾನಿಘಂಟು, 1971ರಿಂದ 1994ರವರೆಗೆ ಪ್ರಿಂಟ್ ಆಗಿದ್ದು, ಅದರ ಪೂರ್ತಿ ಡಿಜಿಟಲ್ ರೂಪ ಇಲ್ಲಿ ಕೂತಿದೆ. ಒಂದು ಲಕ್ಷ ಪದ, 2,70,000 ಅರ್ಥವಿವರಣೆ, 4,30,000 ಉದಾಹರಣೆ ವಾಕ್ಯ. ಹಂಗಂದ್ರೆ ಒಂದೊಂದು ಪದಕ್ಕೂ ಯಾರೋ ಲೇಖಕರು ನಿಜವಾಗ್ಲೂ ಬಳಸಿದ ವಾಕ್ಯ ಎತ್ತಿ ತೋರಿಸ್ತಾರೆ, ನಿಘಂಟಿನೋರು ಕೂತು ಕಟ್ಟಿದ ವಾಕ್ಯ ಅಲ್ಲ.

ನಂಗೆ ಒಂದು ಅಭ್ಯಾಸ ಇದೆ. ಯಾವುದೇ ಹೊಸ ನಿಘಂಟು, ಆಪ್, ವೆಬ್‌ಸೈಟ್ ಸಿಕ್ಕಿದ್ರೂ ಮೊದಲು ಹಾಕಿ ನೋಡೋ ಪದ ‘ಕರ್ನಲ್’, ಸೈನ್ಯದ ಅಧಿಕಾರಿಯ ಹುದ್ದೆ ಇದೆಯಲ್ಲ, ಅದು. ನಿಘಂಟಿನ ತಾಕತ್ತು ನೋಡಕ್ಕೆ ಇದಕ್ಕಿಂತ ಒಳ್ಳೆ ಪದ ಇಲ್ಲ ಅನ್ನೋದು ನನ್ನ ನಂಬಿಕೆ, ಯಾಕಂದ್ರೆ ಇದು ಒಂದೇ ಪದ, ಒಂದೇ ಹುಟ್ಟು, ಆದ್ರೆ ಒಂದೊಂದು ಭಾಷೇಲಿ ಒಂದೊಂದು ಥರ. ಇಟಾಲಿಯನ್‌ನಲ್ಲಿ ಕೊಲೊನ್ನೆಲ್ಲೊ, ಫ್ರೆಂಚಲ್ಲಿ ಕೊಲೊನೆಲ್, ಸ್ಪ್ಯಾನಿಶಲ್ಲೂ ಪೋರ್ಚುಗೀಸಲ್ಲೂ ಕೊರೊನೆಲ್, ರೊಮೇನಿಯನ್‌ನಲ್ಲಿ ಮತ್ತೆ ಕೊಲೊನೆಲ್. ಇಂಗ್ಲಿಷಲ್ಲಂತೂ ಬರೆಯೋದು ಎಲ್ ಹಾಕಿ, ಓದೋದು ಆರ್ ಹಾಕಿ. ಕನ್ನಡದೋರು ಇಂಗ್ಲಿಷಿನ ಕಾಗುಣಿತ ನೋಡದೆ ಕಿವಿಗೆ ಕೇಳಿದ್ದನ್ನೇ ಬರ್ಕೊಂಡ್ರು, ಅದಕ್ಕೇ ನಮ್ಮಲ್ಲಿ ಕರ್ನಲ್. ಈ ‘ರ’ಕಾರ ಎಲ್ಲಿಂದ ಬಂತು ಅಂತ ಒಂದು ನಿಘಂಟು ಸರಿಯಾಗಿ ಹೇಳಿದ್ರೆ ಅದರ ಮೇಲೆ ನಂಗೆ ನಂಬಿಕೆ ಬರತ್ತೆ. ದುಡ್ಡು ಕೊಟ್ಟು ತಗೊಂಡ ಒಂದು ಆಪ್‌ನಲ್ಲಿ, ಹೆಸರು ಬೇಡ, ಇದಕ್ಕೆ ಇದ್ದದ್ದು ಒಂದೇ ಸಾಲು, ಅದೂ ಲ್ಯಾಟಿನ್ನಿನ ಕಿರೀಟ ಅನ್ನೋ ಪದದಿಂದ ಬಂತು ಅಂತ. ಅದು ತಪ್ಪು. ಆದ್ರೆ ಸುಮ್ಸುಮ್ನೆ ಹುಟ್ಟಿದ ತಪ್ಪಲ್ಲ, ಅದರ ಕಥೆ ಕೆಳಗೆ ಬರತ್ತೆ.

ಸಿ.ಎನ್.ಆರ್.ಟಿ.ಎಲ್‌ನಲ್ಲಿ ಪದ ಹಾಕಿದ್ರೆ ಮೇಲ್ಗಡೆ ಸಾಲಾಗಿ ಟ್ಯಾಬ್‌ಗಳು ಬರತ್ವೆ, ರೂಪಕ್ಕೆ ಒಂದು, ಅರ್ಥಕ್ಕೆ ಒಂದು, ಸಮಾನಾರ್ಥಕ್ಕೆ ಒಂದು, ವಿರುದ್ಧಾರ್ಥಕ್ಕೆ ಒಂದು, ಹಿಂಗೆ. ನಮ್ಮಂಥೋರು ನೇರವಾಗಿ ಎತಿಮೊಲೊಜಿ ಅನ್ನೋ ಟ್ಯಾಬ್‌ಗೆ ಹೋಗ್ಬೇಕು. ಅಲ್ಲಿ ಒಂದು ಪದದ ಹುಟ್ಟಿನ ಬಗ್ಗೆ ‘ಇಂಥಲ್ಲಿಂದ ಬಂತು’ ಅಂತ ಒಂದು ಸಾಲು ಹೇಳಿ ಬಿಟ್ಟುಬಿಡಲ್ಲ. ಮೊದಲ ಸಲ ಬರಹದಲ್ಲಿ ಸಿಕ್ಕಿದ್ದು ಯಾವ ಇಸವಿ, ಯಾವ ಬರಹ, ಆಗಿನ ಸ್ಪೆಲಿಂಗ್ ಏನು, ಆಮೇಲೆ ಅರ್ಥ ಹೆಂಗೆ ತಿರುಗ್ತು, ಅದಕ್ಕೆ ಸಾಕ್ಷಿ ಎಲ್ಲಿದೆ, ಎಲ್ಲಾ ಇಸವಿ ಸಮೇತ ಇರತ್ತೆ. ಓದಕ್ಕೆ ಒಣಗಿದಂಗೆ ಕಾಣತ್ತೆ ಮೊದಮೊದಲು. ಅಭ್ಯಾಸ ಆದ್ಮೇಲೆ ಆ ಒಣ ಸಾಲುಗಳಲ್ಲೇ ಯುದ್ಧ, ರಾಜರು, ಗಡಿ ದಾಟಿದ ಸೈನ್ಯ ಎಲ್ಲಾ ಕಾಣಕ್ಕೆ ಶುರುವಾಗತ್ತೆ, ನಂಗಂತೂ ಹಂಗಾಯ್ತು.

ಕರ್ನಲ್ ವಿಷಯಕ್ಕೇ ಬರ್ತೀನಿ. ಲ್ಯಾಟಿನ್ನಲ್ಲಿ ಕೊಲುಮ್ನಾ ಅಂದ್ರೆ ಕಂಬ, ಅದು ಇಟಾಲಿಯನ್‌ನಲ್ಲಿ ಕೊಲೊನ್ನಾ ಆಯ್ತು, ಉದ್ದಕ್ಕೆ ಸಾಲಾಗಿ ನಡೆಯೋ ಪಡೆಗೂ ಅದೇ ಹೆಸರು ಬಂತು, ಇವತ್ತೂ ಸೈನ್ಯದಲ್ಲಿ ಕಾಲಂ ಅಂತಾರಲ್ಲ ಅದೇ. ಆ ಪದಕ್ಕೆ ‘ಎಲ್ಲೊ’ ಅನ್ನೋ ಬಾಲ ಸೇರಿ ಕೊಲೊನ್ನೆಲ್ಲೊ, ಪಡೆಯ ಮುಂದಾಳು. ಇಲ್ಲಿ ಕಿರೀಟ ಎಲ್ಲೂ ಇಲ್ಲ, ಕಂಬ ಇದೆ ಅಷ್ಟೇ.

ಇಟಲಿಯಿಂದ ಇದು ಹೊರಗೆ ಹೋಗಿದ್ದು ಹೆಂಗೆ ಅಂದ್ರೆ ಯುದ್ಧದ ಜೊತೆಗೆ. 1494ರಲ್ಲಿ ಫ್ರಾನ್ಸ್‌ನ ರಾಜ 8ನೇ ಶಾರ್ಲ್ ನೇಪಲ್ಸ್ ತನಗೆ ಸೇರಬೇಕು ಅಂತ ಆಲ್ಪ್ಸ್ ದಾಟಿ ಇಳಿದ, ಅಲ್ಲಿಂದ 1559ರ ಕಾತೋ ಕಾಂಬ್ರೆಸಿ ಒಪ್ಪಂದದವರೆಗೂ ಇಟಲಿಯ ನೆಲದ ಮೇಲೆ ಫ್ರೆಂಚರು, ಸ್ಪ್ಯಾನಿಶರು, ಜರ್ಮನ್ ಕೂಲಿ ಸೈನಿಕರು, ಸ್ವಿಸ್ಸರು ಎಲ್ಲಾ ಸೇರಿ ಬಡಿದಾಡಿದ್ರು. ಕೋಟೆ ಕಟ್ಟೋದ್ರಲ್ಲಿ, ಪಡೆ ಜೋಡಿಸೋದ್ರಲ್ಲಿ ಇಟಲಿಯೋರು ಮುಂದಿದ್ರು, ಹಂಗಾಗಿ ಸೈನ್ಯದ ಪದಗಳು ಗುಂಪುಗುಂಪಾಗಿ ಫ್ರೆಂಚಿಗೆ ನುಗ್ಗಿದ್ವು. ಸೊಲ್ದಾ, ಕಪೊರಾಲ್, ಆಂಫಾಂತ್ರಿ, ಕವಾಲ್ರಿ, ಬತಾಯೋಂ, ಎಸ್ಕಾದ್ರೋಂ, ಸಾಂತಿನೆಲ್, ಅಂದ್ರೆ ಸಿಪಾಯಿ, ಕಾರ್ಪೊರಲ್, ಕಾಲಾಳು ಪಡೆ, ಕುದುರೆ ಪಡೆ, ಬೆಟಾಲಿಯನ್, ಸ್ಕ್ವಾಡ್ರನ್, ಕಾವಲುಗಾರ, ಇವೆಲ್ಲಾ ಇಟಾಲಿಯನ್‌ನಿಂದ ತಗೊಂಡಿದ್ದು. ಎಷ್ಟರ ಮಟ್ಟಿಗೆ ಅಂದ್ರೆ 1578ರಲ್ಲಿ ಆನ್ರಿ ಎತಿಯೆನ್ ಅನ್ನೋ ಮುದ್ರಕ, ದೊಡ್ಡ ವಿದ್ವಾಂಸ, ಫ್ರೆಂಚನ್ನ ಇಟಾಲಿಯನ್ ಮಾಡಿ ಹಾಳು ಮಾಡ್ತಿದ್ದೀರಿ ಅಂತ ಒಂದು ಪುಸ್ತಕಾನೇ ಬರೆದ. ಟ್ರೆಜೋರ್‌ನಲ್ಲಿ ಈ ಪದಗಳನ್ನ ಒಂದಾದ ಮೇಲೊಂದು ತೆಗೆದು ನೋಡಿ, ‘ಇಟಾಲಿಯನ್‌ನಿಂದ ಸಾಲ’ ಅನ್ನೋ ಅದೇ ಮಾತು ಮತ್ತೆ ಮತ್ತೆ ಬರತ್ತೆ. ಇತಿಹಾಸದ ಪಾಠದಲ್ಲಿ ಒಂದು ಪ್ಯಾರಾ ಓದಿ ಮರೆತುಬಿಡೋ ವಿಷಯ ಇಲ್ಲಿ ಪದಪದಕ್ಕೂ ಕಣ್ಣಿಗೆ ಹೊಡೆಯತ್ತೆ.

ಬೆಂಗಳೂರಿನೋರಿಗೆ ಇದು ದೂರದ ಸಂಗತಿ ಏನಲ್ಲ. ಕಂಟೋನ್ಮೆಂಟ್ ಕಡೆ ಇನ್‌ಫೆಂಟ್ರಿ ರೋಡ್, ಬ್ರಿಗೇಡ್ ರೋಡ್, ಈಗ ಕಾಮರಾಜ್ ರೋಡ್ ಆಗಿರೋ ಹಳೇ ಕ್ಯಾವಲ್ರಿ ರೋಡ್, ಈ ಮೂರೂ ಹೆಸರು ಇಟಾಲಿಯನ್ ಬೇರಿನವು, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದು ಬ್ರಿಟಿಷ್ ದಂಡಿನ ಜೊತೆ ನಮ್ಮೂರಿನ ಬೋರ್ಡ್ ಮೇಲೆ ಕೂತ್ಕೊಂಡ್ವು. ಇನ್‌ಫೆಂಟ್ರಿ ಅನ್ನೋದು ಇನ್ಫಾಂತೆ ಅಂದ್ರೆ ಹುಡುಗ ಅನ್ನೋದ್ರಿಂದ ಬಂದಿದ್ದು, ಕುದುರೆ ಸವಾರನ ಹಿಂದೆ ಕಾಲ್ನಡಿಗೇಲಿ ಹೋಗ್ತಿದ್ದ ಹುಡುಗ, ಅದಕ್ಕೂ ಹಿಂದೆ ಲ್ಯಾಟಿನ್ನಲ್ಲಿ ಇನ್ನೂ ಮಾತು ಬಾರದ ಮಗು. ಶಿವಾಜಿನಗರದ ಕಡೆ ಬಸ್ಸಲ್ಲಿ ಹೋಗೋವಾಗ ಆ ಬೋರ್ಡ್ ನೋಡಿದ್ರೆ ಈಗ ನಂಗೆ ಮಾತು ಬಾರದ ಮಗುವೇ ನೆನಪಾಗತ್ತೆ.

ಈಗ ‘ರ’ಕಾರದ ವಿಷಯ. ಕೊಲೊನೆಲ್ ಅನ್ನೋದ್ರಲ್ಲಿ ಎರಡು ‘ಲ’ ಇದೆ, ಒಂದು ಮೊದಲು, ಒಂದು ಕೊನೇಲಿ. ಒಂದೇ ಪದದಲ್ಲಿ ಒಂದೇ ಥರದ ಶಬ್ದ ಎರಡು ಸಲ ಬಂದ್ರೆ ನಾಲಿಗೆಗೆ ತೊಡಕು, ಒಂದನ್ನ ಬದಲಾಯಿಸಿ ಬಿಡತ್ತೆ. ನಮ್ಮ ಹಳ್ಳಿ ಕಡೆ ರಬ್ಬರ್‌ಗೆ ಲಬ್ಬರ್ ಅಂತಾರಲ್ಲ, ಥೇಟ್ ಅದೇ, ಅಲ್ಲಿ ಎರಡು ‘ರ’ದಲ್ಲಿ ಒಂದು ‘ಲ’ ಆಗತ್ತೆ, ಇಲ್ಲಿ ಎರಡು ‘ಲ’ದಲ್ಲಿ ಒಂದು ‘ರ’ ಆಗತ್ತೆ. ಲಬ್ಬರ್ ಅನ್ನೋರನ್ನ ನೋಡಿ ನಗೋರಿಗೆ ನಾನು ಹೇಳೋದು ಇಷ್ಟೇ, ಲ್ಯಾಟಿನ್ನಿನ ಆರ್ಬೊರ್ ಅಂದ್ರೆ ಮರ, ಅದು ಸ್ಪ್ಯಾನಿಶಲ್ಲಿ ಆರ್ಬೊಲ್ ಆಗಿದ್ದು ಇದೇ ರೀತೀಲಿ, ಸೆರೆಮನೆ ಅನ್ನೋ ಕಾರ್ಕೆರ್ ಅಲ್ಲೇ ಕಾರ್ಸೆಲ್ ಆಯ್ತು, ಯಾತ್ರಿಕ ಅನ್ನೋ ಪೆರೆಗ್ರೀನುಸ್ ಇಟಾಲಿಯನ್‌ನಲ್ಲಿ ಪೆಲ್ಲೆಗ್ರೀನೊ ಆಯ್ತು, ಇವೆಲ್ಲಾ ಇವತ್ತು ಶುದ್ಧ ಶಿಷ್ಟ ಪದಗಳು. ಕೊರೊನೆಲ್ ಅನ್ನೋದೂ ಹಂಗೇ. 16ನೇ ಶತಮಾನದ ಫ್ರೆಂಚಲ್ಲಿ ಕೊರೊನೆಲ್ ಅನ್ನೋ ರೂಪ ಚೆನ್ನಾಗೇ ಓಡಾಡ್ತಿತ್ತು.

ಆಮೇಲೆ ಕಿರೀಟದ ಗೊಂದಲ. ಕೊರೊನೆಲ್ ಅಂದ ತಕ್ಷಣ ಜನಕ್ಕೆ ಕೊರೋನಾ, ಫ್ರೆಂಚಲ್ಲಿ ಕುರೋನ್, ಅಂದ್ರೆ ಕಿರೀಟ ನೆನಪಾಯ್ತು, ಸೇನಾಧಿಕಾರಿ ರಾಜನ ಕಿರೀಟದ ಹೆಸರಲ್ಲಿ ಹೊಡೆದಾಡೋನು ತಾನೇ ಅಂತ ಅರ್ಥಾನೂ ಹೊಂದಿಕೊಳ್ತು, ಹಂಗಾಗಿ ಕುರೊನೆಲ್ ಅಂತ ಬರೆಯೋರೂ ಹುಟ್ಕೊಂಡ್ರು. ಅದೇ ಶತಮಾನದ ಬ್ರಾಂತೋಮ್, ತಾನೇ ಯುದ್ಧ ಮಾಡಿ ಆಮೇಲೆ ಬರಹಗಾರನಾದೋನು, ಅವನ ಬರಹದಲ್ಲೂ ಕುರೊನೆಲ್ ಇದೆ. ಸ್ಪ್ಯಾನಿಶಲ್ಲಿ ಲಾಂಛನದ ಮೇಲೆ ಬರೆಯೋ ಕಿರೀಟಕ್ಕೂ ಕೊರೊನೆಲ್ ಅನ್ನೋ ಬೇರೆ ಪದ ಇದೆ, ಗೊಂದಲಕ್ಕೆ ಅದೂ ತುಪ್ಪ ಸುರಿದಿರಬಹುದು. ನಾನು ಹೇಳಿದ ಪೇಯ್ಡ್ ಆಪ್ ಐನೂರು ವರ್ಷ ಹಿಂದಿನ ಜನರ ಊಹೇನ ಇವತ್ತಿನ ಸತ್ಯ ಅಂತ ಮಾರ್ತಿತ್ತು. ಹಳೇ ರೂಪಗಳನ್ನ ಇಸವಿ ಸಮೇತ ಮುಂದಿಡೋ ನಿಘಂಟು ಯಾಕೆ ಬೇಕು ಅಂದ್ರೆ ಇದಕ್ಕೇ, ಓದೋರು ತಾವೇ ನೋಡಿ ಯಾವುದು ಮೊದಲು ಯಾವುದು ಆಮೇಲೆ ಅಂತ ತಿಳ್ಕೋಬಹುದು.

ಫ್ರೆಂಚರು ಕ್ರಮೇಣ ಕೊರೊನೆಲ್ ಬಿಟ್ಟು ಇಟಾಲಿಯನ್‌ಗೆ ಹತ್ತಿರದ ಕೊಲೊನೆಲ್‌ಗೇ ವಾಪಸ್ ಹೋದ್ರು. ಅಷ್ಟರಲ್ಲಿ ಇಂಗ್ಲಿಷರು ಫ್ರೆಂಚಿಂದ ‘ರ’ ಇರೋ ರೂಪಾನೇ ತಗೊಂಡಾಗಿತ್ತು. 16ನೇ ಶತಮಾನದ ಕೊನೆ ಹೊತ್ತಿಗೆ ಇಟಾಲಿಯನ್ ಯುದ್ಧಶಾಸ್ತ್ರದ ಪುಸ್ತಕಗಳ ಅನುವಾದ ನೋಡಿ ಅವರೂ ಸ್ಪೆಲಿಂಗ್ ಬದಲಾಯಿಸಿದ್ರು, ಬಾಯಲ್ಲಿ ಮಾತ್ರ ಹಳೇ ‘ರ’ ಉಳೀತು. ಕನ್ನಡಕ್ಕೆ ಬಂದಿದ್ದು ಆ ಬಾಯಿಮಾತು. ಕರ್ನಲ್ ಮೆಕೆಂಜಿ ಕೈಫಿಯತ್ತುಗಳು ಅಂತ ನಾವು ಹೇಳ್ತೀವಲ್ಲ, ಶ್ರೀರಂಗಪಟ್ಟಣದ ಕರ್ನಲ್ ಬೇಲಿ ಬಂದೀಖಾನೆ ಅಂತೀವಲ್ಲ, 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರ್ ಅಲಿ, ಟಿಪ್ಪು ಕೈಗೆ ಸೋತು ಸಿಕ್ಕಿಬಿದ್ದು 1782ರಲ್ಲಿ ಸೆರೇಲೇ ತೀರ್ಕೊಂಡ ಅದೇ ಬೇಲಿ, ಆ ಹೆಸರುಗಳ ಮುಂದಿರೋ ಕರ್ನಲ್‌ನಲ್ಲಿ ಫ್ರೆಂಚರೇ ಮರೆತುಬಿಟ್ಟ ಒಂದು ಹಳೇ ಫ್ರೆಂಚ್ ಉಚ್ಚಾರ ಇದೆ. ಇದು ಗೊತ್ತಾದಾಗ ನಂಗೆ ಆದ ಖುಷಿ ಇಷ್ಟಿಷ್ಟಲ್ಲ.

ಪಕ್ಕದಲ್ಲಿ ಬೇರೆ ಭಾಷೆಯ ನಿಘಂಟುಗಳನ್ನೂ ತೆರೆದಿಟ್ಕೊಂಡ್ರೆ ಮಜಾ ಇನ್ನೂ ಜಾಸ್ತಿ, ಎಲ್ಲಾ ಫ್ರೀಯೇ. ಸ್ಪ್ಯಾನಿಶಿಗೆ ರಿಯಲ್ ಅಕಾಡೆಮಿಯಾ ಅವರ ನಿಘಂಟು ಆನ್‌ಲೈನ್ ಇದೆ, 2014ರ 23ನೇ ಆವೃತ್ತಿ, ಆಮೇಲೂ ಆಗಾಗ ಅಪ್‌ಡೇಟ್ ಮಾಡ್ತಾ ಇದ್ದಾರೆ, ಸೈಟ್ ನೀಟಾಗಿದೆ, ಫೋನಲ್ಲೂ ಚೆನ್ನಾಗಿ ಓದ್ಬಹುದು. ಆದ್ರೆ ಪದದ ಹುಟ್ಟಿಗೆ ಅವರು ಕೊಡೋದು ಒಂದು ಪುಟ್ಟ ಸಾಲು ಅಷ್ಟೇ, ಇತಿಹಾಸ ಬೇಕಂದ್ರೆ ಬೇರೆ ಕಡೆ ಹೋಗ್ಬೇಕು. ಸ್ಪೇನಲ್ಲಿ ಈ ಪದದ ಓಡಾಟ ಬೇರೆ ಥರದ್ದು. ನೇಪಲ್ಸ್ ಗೆದ್ದ ಗೊನ್ಸಾಲೊ ಫೆರ್ನಾಂದೆಸ್ ದೆ ಕೊರ್ದೊಬಾ, ಮಹಾ ಕ್ಯಾಪ್ಟನ್ ಅಂತ ಹೆಸರಾದೋನು, ಅವನ ಕಾಲದ ಆಸುಪಾಸಲ್ಲೇ ಕೊರೊನೆಲಿಯಾ ಅನ್ನೋ ಪಡೆಗಳು ಬಂದ್ವು. ಆದ್ರೆ ಅದಾದ್ಮೇಲೆ ತೆರ್ಸಿಯೊ ಅನ್ನೋ ಹೆಸರಾಂತ ಪಡೆಗಳ ಕಾಲದಲ್ಲಿ ಅದರ ಮುಖ್ಯಸ್ಥನಿಗೆ ಮಾಯೆಸ್ತ್ರೆ ದೆ ಕಾಂಪೊ ಅಂತಿದ್ರು. 1704ರಲ್ಲಿ 5ನೇ ಫೆಲಿಪೆ ಫ್ರೆಂಚ್ ಮಾದರೀಲಿ ಸೈನ್ಯ ತಿದ್ದಿ ತೆರ್ಸಿಯೊಗಳನ್ನ ರೆಜಿಮೆಂಟ್ ಮಾಡಿದಾಗ ಕೊರೊನೆಲ್ ಮತ್ತೆ ಮೇಲೆ ಬಂದ. ಫ್ರಾನ್ಸಲ್ಲೂ ಸುಮಾರಾಗಿ ಇದೇ ಕಥೆ, ಅಲ್ಲಿ ರೆಜಿಮೆಂಟಿನೋನು ಮೆಸ್ತ್ರ್ ದ ಕಾಂ ಆಗಿದ್ದ, 1661ರಲ್ಲಿ ಇಡೀ ಕಾಲಾಳು ಪಡೆಗೆ ಒಬ್ಬನೇ ಕರ್ನಲ್ ಜನರಲ್ ಅನ್ನೋ ಹುದ್ದೇನ 14ನೇ ಲೂಯಿ ತೆಗೆದುಹಾಕಿದ ಮೇಲೆ ಅವರಿಗೆ ಕೊಲೊನೆಲ್ ಅನ್ನೋ ಹೆಸರು ಸಿಕ್ತು.

ಪೋರ್ಚುಗೀಸಿಗೆ ನಾನು ನೋಡೋದು ಪ್ರಿಬೆರಾಂ. ಬ್ರೆಜಿಲ್‌ನಲ್ಲಿ ಈ ಪದ ಸೈನ್ಯ ಬಿಟ್ಟು ಹಳ್ಳಿ ರಾಜಕೀಯಕ್ಕೆ ಇಳೀತು, ಅದು ಬೇಜಾರು ತರೋ ಕಥೆ. 1831ರಲ್ಲಿ ಅಲ್ಲಿ ನ್ಯಾಷನಲ್ ಗಾರ್ಡ್ ಕಟ್ಟಿದ್ರು, ಊರಿನ ದೊಡ್ಡ ಜಮೀನ್ದಾರರಿಗೆ ಕೊರೊನೆಲ್ ಪದವಿ ಕೊಟ್ರು. ಗಾರ್ಡ್ ಹೋದ್ರೂ ಜಮೀನ್ದಾರ ಕೊರೊನೆಲ್ ಆಗೇ ಉಳಿದ. 1889ರಿಂದ 1930ರವರೆಗಿನ ಹಳೇ ಗಣರಾಜ್ಯದಲ್ಲಿ ವೋಟು ಗುಟ್ಟಾಗಿ ಇರ್ತಿರ್ಲಿಲ್ಲ, ತನ್ನ ಜಮೀನಿನ ಆಳುಗಳೆಲ್ಲಾ ಯಾರಿಗೆ ಹಾಕ್ಬೇಕು ಅಂತ ಕೊರೊನೆಲ್ ಹೇಳೋನು, ಅದಕ್ಕೆ ಅವರ ಮಾತಲ್ಲಿ ಹಗ್ಗದ ವೋಟು ಅಂತ ಹೆಸರು, ಜಾನುವಾರಿನ ಮೂತಿಗೆ ಹಾಕೋ ಹಗ್ಗ. ಗುಪ್ತ ಮತದಾನ ಬಂದಿದ್ದು 1932ರ ಚುನಾವಣಾ ಕಾನೂನಲ್ಲಿ. ಇಟಲಿಯ ಕಂಬದಿಂದ ಹೊರಟ ಪದ ಇಲ್ಲಿಗೆ ಬಂದು ಮುಟ್ಟಿದ್ದು ನೋಡಿ.

ರೊಮೇನಿಯನ್‌ಗೆ ದೆಕ್ಸ್‌ಆನ್‌ಲೈನ್ ಅಂತ ಒಂದು ಸೈಟ್ ಇದೆ, 2001ರಿಂದ ಸ್ವಯಂಸೇವಕರು ಸೇರಿ ಹತ್ತಾರು ನಿಘಂಟುಗಳನ್ನ ಒಂದೇ ಕಡೆ ತಂದಿರೋದು. ಅವರಿಗೆ ಕೊಲೊನೆಲ್ ಬಂದಿದ್ದು ಫ್ರೆಂಚಿಂದ, ಅದಕ್ಕೆ ಮುಂಚೆ ಸ್ಲಾವಿಕ್ ಕಡೆಯ ಪೊಲ್ಕೊವ್ನಿಕ್ ಇತ್ತು. ಯುದ್ಧ ಅನ್ನೋದಕ್ಕೇ ಅವರಲ್ಲಿ ಸ್ಲಾವಿಕ್ ಪದ ರಜ್‌ಬೊಯ್, ಲ್ಯಾಟಿನ್ನಿಂದ ಹುಟ್ಟಿದ ಉಳಿದ ಅಕ್ಕತಂಗಿ ಭಾಷೆಗಳೆಲ್ಲಾ ಜರ್ಮಾನಿಕ್ ಮೂಲದ ಗೆರ್ರಾ, ಗೆರ್ ಹಿಡ್ಕೊಂಡಿದ್ರೆ ಇವರು ಬೇರೆ ದಾರಿ. ಲ್ಯಾಟಿನ್ನಿನ ಬೆಲ್ಲುಮ್ ಯಾರಿಗೂ ಬೇಡ ಆಯ್ತು. ಆದ್ರೆ ಅದೇ ರೊಮೇನಿಯನ್ ಭಾಷೇಲಿ ಮುದುಕ ಅನ್ನೋದಕ್ಕೆ ಬತ್ರಿನ್ ಅಂತಾರೆ, ಅದು ಲ್ಯಾಟಿನ್ನಿನ ವೆತೆರಾನುಸ್, ಹಳೇ ಸೈನಿಕ! ರೋಮನ್ ಸೈನ್ಯದಲ್ಲಿ ದುಡಿದು ಅಲ್ಲೇ ನೆಲೆ ನಿಂತ ಹಳೇ ಸಿಪಾಯಿಗಳು ಅಲ್ಲಿನ ಎಲ್ಲಾ ಅಜ್ಜಂದಿರ ಹೆಸರಾಗಿಬಿಟ್ರು.

ಸಿಪಾಯಿ ಅಂದೆ ನೋಡಿ, ಅದನ್ನೂ ಸಿ.ಎನ್.ಆರ್.ಟಿ.ಎಲ್‌ನಲ್ಲಿ ಹುಡುಕಿ. ಪರ್ಷಿಯನ್ನಿನ ಸಿಪಾಹಿ ನಮ್ಮಲ್ಲಿ ಸಿಪಾಯಿ ಆಯ್ತು, ಪೋರ್ಚುಗೀಸರ ಬಾಯಿಂದ ಫ್ರೆಂಚಿಗೆ ಹೋಗಿ ಸಿಪಾಯ್, 1857ರ ದಂಗೆಗೆ ಇವತ್ತೂ ಅವರು ಸಿಪಾಯ್‌ಗಳ ದಂಗೆ ಅಂತಾನೇ ಅನ್ನೋದು. ಅದೇ ಪದ ತುರ್ಕಿ ದಾರೀಲಿ ಹೋಗಿ ಸ್ಪಾಯಿ ಅಂತ ಇನ್ನೊಂದು ಫ್ರೆಂಚ್ ಪದ ಆಯ್ತು, ಉತ್ತರ ಆಫ್ರಿಕಾದ ಕುದುರೆ ಪಡೆಯೋರು. ಎರಡೂ ಪುಟ ಪಕ್ಕಪಕ್ಕ ಇಟ್ಕೊಂಡು ಓದೋದು ಒಂದು ಒಳ್ಳೆ ಸಂಜೆ ಕೆಲಸ.

ಇನ್ನು ಟ್ರೆಜೋರ್‌ನ ಮಿತಿಗಳು. ಇದು ಮುಖ್ಯವಾಗಿ 1789ರಿಂದ 1960ರವರೆಗಿನ ಫ್ರೆಂಚಿಗೆ ಅಂತ ಕಟ್ಟಿದ್ದು, ಕೆಲಸ ಮುಗಿದಿದ್ದು 1994ರಲ್ಲಿ, ಹಂಗಾಗಿ ಇತ್ತೀಚಿನ ಪದ, ಬೀದಿ ಭಾಷೆ, ಟೆಕ್ ಪದ ಬೇಕಂದ್ರೆ ಇದು ಸರಿಯಾದ ಜಾಗ ಅಲ್ಲ. ಪದಗಳ ಹುಟ್ಟಿನ ಟಿಪ್ಪಣಿಗಳಲ್ಲಿ ಕೆಲವನ್ನ ಅದೇ ಲ್ಯಾಬಿನೋರು ಬೇರೆ ಒಂದು ಪ್ರಾಜೆಕ್ಟಲ್ಲಿ ಹೊಸದಾಗಿ ಬರೀತಾ ಬಂದಿದ್ದಾರೆ, ಅದನ್ನೂ ನೋಡೋದು ಒಳ್ಳೇದು. ಎಲ್ಲಾ ಫ್ರೆಂಚಲ್ಲೇ ಇದೆ, ಇಂಗ್ಲಿಷ್ ಆಯ್ಕೆ ಇಲ್ಲ. ಡಿಸೈನ್ ಹಳೇ ಕಾಲದ್ದು, ಫೋನಿಗಿಂತ ಲ್ಯಾಪ್‌ಟಾಪಲ್ಲಿ ಓದೋದು ವಾಸಿ. ಉದ್ದ ಪುಟಗಳಲ್ಲಿ ಉದಾಹರಣೆ, ಅರ್ಥ, ಟಿಪ್ಪಣಿ ಎಲ್ಲಾ ಒತ್ತೊತ್ತಾಗಿ ಇರತ್ತೆ, ಕಣ್ಣಿಗೆ ಆಯಾಸ.

ಇಷ್ಟು ದೊಡ್ಡ ಕೆಲಸ ಸರ್ಕಾರದ ದುಡ್ಡಲ್ಲಿ ಮಾಡಿ ಇಡೀ ಜಗತ್ತಿಗೆ ಫ್ರೀಯಾಗಿ ಬಿಟ್ಟಿರೋದು ನೋಡಿದ್ರೆ ನಂಗೆ ಗೌರವ ಬರತ್ತೆ. 1960ರ ದಶಕದಲ್ಲೇ ಬುಲ್ ಗಾಮಾ 60 ಅನ್ನೋ ಕಂಪ್ಯೂಟರ್ ತಂದು ನಾನ್ಸಿಯಲ್ಲಿ ಪಠ್ಯಗಳನ್ನ ಅದಕ್ಕೆ ತುಂಬಿಸಿದ್ರು, ಪೋಲ್ ಆಂಬ್ಸ್ ಶುರು ಮಾಡಿದ್ದನ್ನ ಬೆರ್ನಾರ್ ಕೆಮಾದಾ ಮುಂದುವರಿಸಿದ್ರು. ಹೆಚ್ಚುಕಮ್ಮಿ ಅದೇ ವರ್ಷಗಳಲ್ಲಿ ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ಕೂಡ ಬಂತು, 1970ರಲ್ಲಿ ಮೊದಲನೇದು, 1995ರಲ್ಲಿ ಕೊನೇದು, ಅದರಲ್ಲೂ ಶಾಸನ, ಕಾವ್ಯಗಳ ಪ್ರಯೋಗ ಎತ್ತಿ ಕೊಟ್ಟಿದ್ದಾರೆ. ಜಿ. ವೆಂಕಟಸುಬ್ಬಯ್ಯನವರಂಥವರು ಜೀವ ತೇಯ್ದು ಮಾಡಿದ್ದು. ಎರಡನ್ನೂ ಬಳಸೋ ಕನ್ನಡಿಗರು ಇನ್ನೂ ಜಾಸ್ತಿ ಆಗಲಿ ಅಂತ ನನ್ನಾಸೆ.

ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ ಸ್ಟಾರ್. ಕಡಿಮೆ ಮಾಡಿದ ಅರ್ಧ ಸ್ಟಾರ್ ಒತ್ತೊತ್ತಾದ ಪುಟಕ್ಕೆ. ಫ್ರೆಂಚ್ ಕಲಿಸೋ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಬಿ1, ಅಂದ್ರೆ ಮಧ್ಯಮ ಮಟ್ಟ ದಾಟಿರೋರು ಆರಾಮಾಗಿ ಬಳಸ್ಬಹುದು, ಅದಕ್ಕಿಂತ ಕೆಳಗಿರೋರು ಬ್ರೌಸರ್‌ನ ಅನುವಾದ ಆನ್ ಮಾಡ್ಕೊಂಡ್ರೆ ಅರ್ಥದ ಭಾಗ ಪರವಾಗಿಲ್ಲ ಅನ್ನೋ ಹಂಗೆ ಸಿಗತ್ತೆ, ಹುಟ್ಟಿನ ಟಿಪ್ಪಣಿ ಮಾತ್ರ ಪೂರ್ತಿ ಕಲಸುಮೇಲೋಗರ ಆಗತ್ತೆ, ಯಾಕಂದ್ರೆ ಅಲ್ಲೆಲ್ಲಾ ಚುಕ್ಕಿ ಇಟ್ಟ ಸಂಕ್ಷೇಪಗಳೇ. ಇ, ಎಂ, ಪಿ, ಆರ್ ಅಂತ ನಾಲ್ಕಕ್ಷರ ಇಟ್ಟು ಚುಕ್ಕಿ ಇದ್ರೆ ಬೇರೆ ಭಾಷೆಯಿಂದ ಸಾಲ ತಂದಿದ್ದು, ಡಿ, ಇ, ಆರ್ ಅಂತ ಇದ್ರೆ ಇನ್ನೊಂದು ಪದದಿಂದ ಹುಟ್ಟಿಸಿದ್ದು, ಐ, ಟಿ, ಎ, ಎಲ್ ಅಂದ್ರೆ ಇಟಾಲಿಯನ್, ಎಲ್, ಎ, ಟಿ ಅಂದ್ರೆ ಲ್ಯಾಟಿನ್. ಈ ನಾಲ್ಕನ್ನ ಒಂದು ಚೀಟೀಲಿ ಬರ್ದು ಸ್ಕ್ರೀನ್ ಪಕ್ಕ ಅಂಟಿಸ್ಕೊಂಡು ಶುರು ಮಾಡಿ, ಕರ್ನಲ್ ಆದ್ಮೇಲೆ ಲೆಫ್ಟಿನೆಂಟ್ ಹಾಕಿ ನೋಡಿ.